ಹತ್ತಿ ತಳಿಯ ಖರ್ಚು ಯಾರದು? ಬೇಲ್‌ಗೆ ಎರಡಾಣೆಯ ಸೆಸ್‌ನಿಂದ ಶೂನ್ಯ ಟ್ರೇಟ್ ಶುಲ್ಕದವರೆಗೆ

ಕರಿಮಣ್ಣು (ಧಾರವಾಡ)

2025ರ ಹಂಗಾಮಿಗೆ ಕೇಂದ್ರ ಸರ್ಕಾರ ಬಿಜಿ-2 ಎಂಬ, ಕಾಯಿಕೊರಕವನ್ನು ತಡೆಯುವ ಎರಡು ಜೀನ್ ಸೇರಿಸಿದ (ಬಿಟಿ) ಹತ್ತಿ ಬೀಜದ ಪ್ಯಾಕೆಟ್‌ಗೆ 901 ರೂಪಾಯಿ ಗರಿಷ್ಠ ಬೆಲೆ ನಿಗದಿ ಮಾಡಿತು. ಪ್ರತಿ ವರ್ಷ ಈ ಬೆಲೆ ಪ್ರಕಟವಾದಾಗ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದಷ್ಟೇ ಚರ್ಚೆಯಾಗುತ್ತದೆ. ಆ ಹಣದಲ್ಲಿ ಮುಂದಿನ ತಳಿಯನ್ನು ರೂಪಿಸುವವರಿಗೆ ಎಷ್ಟು ಸಲ್ಲುತ್ತದೆ ಎಂದು ಯಾರೂ ಕೇಳುವುದಿಲ್ಲ. ತಳಿ ಅಭಿವೃದ್ಧಿಗೆ ಹಣ ಯಾವ ದಾರಿಯಿಂದ ಬರುತ್ತದೆಯೋ ಆ ದಾರಿಗೆ ತಕ್ಕ ಬೀಜವೇ ನಮ್ಮ ಹೊಲಕ್ಕೆ ಬರುತ್ತದೆ ಎಂಬುದು ನನ್ನ ವಾದ. ಧಾರವಾಡ ಸೀಮೆಯ ಹತ್ತಿಯ ಕಳೆದ ನೂರು ವರ್ಷಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

1917ರಲ್ಲಿ ನೇಮಕವಾದ ಹತ್ತಿ ಸಮಿತಿಯ ಶಿಫಾರಸಿನ ಮೇಲೆ 1921ರಲ್ಲಿ ಇಂಡಿಯನ್ ಸೆಂಟ್ರಲ್ ಕಾಟನ್ ಕಮಿಟಿ ಸ್ಥಾಪನೆಯಾಯಿತು. 1923ರಲ್ಲಿ ಅದಕ್ಕಾಗಿಯೇ ಒಂದು ಸೆಸ್ ಕಾಯ್ದೆ ಬಂದಿತು. ಗಿರಣಿಗಳಲ್ಲಿ ಬಳಕೆಯಾಗುವ ಮತ್ತು ಹಡಗೇರಿ ಹೊರಹೋಗುವ ಹತ್ತಿಯ ಮೇಲೆ, 400 ಪೌಂಡಿನ ಒಂದು ಬೇಲ್‌ಗೆ (ಒತ್ತಿ ಕಟ್ಟಿದ ಅರಳೆಯ ಮೂಟೆಗೆ) ಎರಡಾಣೆಯಂತೆ ಸೆಸ್ ವಸೂಲಾಗುತ್ತಿತ್ತು. ಮೊದಲ ಕೆಲವು ವರ್ಷ ಅದು ನಾಲ್ಕಾಣೆಯಾಗಿತ್ತು. ಈ ಹಣ ಸರ್ಕಾರದ ಸಾಮಾನ್ಯ ಖಜಾನೆಯಲ್ಲಿ ಕರಗಿಹೋಗದೆ ಹತ್ತಿಯ ಕೆಲಸಕ್ಕೇ ಹೋಗುತ್ತಿತ್ತು. 1924ರಲ್ಲಿ ಮುಂಬೈಯ ಮಾಟುಂಗಾದಲ್ಲಿ ಆರಂಭವಾದ ನೂಲು ಪರೀಕ್ಷಾ ಪ್ರಯೋಗಾಲಯ, ಆಲ್ಬರ್ಟ್ ಹೋವರ್ಡ್ ನಡೆಸಿದ ಇಂದೋರಿನ ಸಸ್ಯ ಸಂಶೋಧನಾ ಸಂಸ್ಥೆ, ಪ್ರಾಂತ್ಯಗಳಲ್ಲಿನ ತಳಿ ಆಯ್ಕೆ, ಸೊರಗು ರೋಗದ ಅಧ್ಯಯನ, ಬೀಜ ಹಂಚಿಕೆ, ಇವೆಲ್ಲ ಅದರ ಆಸರೆಯಲ್ಲಿ ನಡೆದವು. ಇಂದೋರಿನಲ್ಲಿ ಹೋವರ್ಡ್ ರೂಪಿಸಿದ ಕಾಂಪೋಸ್ಟ್ ವಿಧಾನವನ್ನು ಇಂದಿನ ಸಾವಯವ ಕೃಷಿಕರು ಕೊಂಡಾಡುತ್ತಾರೆ. ಅದರ ಹಿಂದೆ ಹತ್ತಿ ಸೆಸ್ ಇತ್ತೆಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ.

ನಮ್ಮ ಕುಮಟಾ ಹತ್ತಿ, ಅಂದರೆ ಕುಮಟಾ ಬಂದರಿನ ಮೂಲಕ ಹೋಗುತ್ತಿದ್ದುದರಿಂದ ಆ ಹೆಸರು ಪಡೆದ ಜವಾರಿ ಹತ್ತಿ, ಸೊರಗು ರೋಗಕ್ಕೆ ಸಿಕ್ಕಿ ನಲುಗುತ್ತಿದ್ದ ಕಾಲದಲ್ಲಿ ಧಾರವಾಡದಲ್ಲಿ ಕೊಟ್ಟೂರ ಅವರ ಕೆಲಸದಿಂದ ಜಯವಂತ ಎಂಬ ತಳಿ ಬಂದಿತು, ಅದರ ನಂತರ ಜಯಧರ ಬಂದಿತು. ಇವೆಲ್ಲ ಸ್ಥಿರ ತಳಿಗಳು. ಒಮ್ಮೆ ಬೀಜ ಪಡೆದ ರೈತ ಮರುವರ್ಷ ತನ್ನದೇ ಹತ್ತಿಯ ಕಾಳನ್ನು ಬಿತ್ತಬಹುದಾಗಿತ್ತು. ತಳಿಯ ಖರ್ಚು ಬೀಜದ ಬೆಲೆಯಿಂದ ಹುಟ್ಟಬೇಕಾಗಿರಲಿಲ್ಲವಾದ್ದರಿಂದ, ರೈತ ಬೀಜ ಉಳಿಸಿಕೊಂಡರೆ ಯಾರಿಗೂ ನಷ್ಟವಿರಲಿಲ್ಲ. ಸಮಿತಿಗೆ ಚಿಂತೆಯಿದ್ದದ್ದು ಬೆರಕೆಯ ಬಗ್ಗೆ ಮಾತ್ರ. ಕೀಳು ಹತ್ತಿಯನ್ನು ರೈಲಿನಲ್ಲಿ ತಂದು ಒಳ್ಳೆಯದರೊಡನೆ ಬೆರೆಸುವುದನ್ನು ತಡೆಯಲು 1923ರಲ್ಲಿ ಸಾಗಣೆ ಕಾಯ್ದೆಯನ್ನೂ 1925ರಲ್ಲಿ, ಹತ್ತಿಯಿಂದ ಕಾಳು ಬೇರ್ಪಡಿಸಿ ಬೇಲ್ ಕಟ್ಟುವ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳ ಕಾಯ್ದೆಯನ್ನೂ ತಂದರು.

1960ರ ದಶಕದ ಮಧ್ಯದಲ್ಲಿ ಇಂಥ ಬೆಳೆವಾರು ಸಮಿತಿಗಳನ್ನೆಲ್ಲ ಮುಚ್ಚಿ, ಕೆಲಸವನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಡಿಗೆ ತರಲಾಯಿತು. 1967ರಲ್ಲಿ ಕೊಯಮತ್ತೂರನ್ನು ಕೇಂದ್ರವಾಗಿಟ್ಟುಕೊಂಡು ಅಖಿಲ ಭಾರತ ಸಂಯೋಜಿತ ಹತ್ತಿ ಯೋಜನೆ ಆರಂಭವಾಯಿತು. ಹಣ ಬಜೆಟ್ಟಿನಿಂದ ಬರತೊಡಗಿತು. ಮುಂದಿನ ಕಥೆ ವರಲಕ್ಷ್ಮಿ ಎಂಬ, ಎರಡು ತಳಿ ಕೂಡಿಸಿದ ಹೈಬ್ರಿಡ್ ಹತ್ತಿಯದು. ಅದನ್ನು ಬೀಜೋತ್ಪಾದನೆ ಮಾಡಿದವರೇ ಬರೆದರೆ ಚೆನ್ನ.

ಬೀಜದ ಪ್ಲಾಟ್ (ರಾಣೆಬೆನ್ನೂರು)

ಕರೆದಿದ್ದೀರಿ, ಬರೆಯುತ್ತೇನೆ. 1970ರಲ್ಲಿ ಸೂರತ್ ಕೇಂದ್ರದ ಸಿ. ಟಿ. ಪಟೇಲರ ಹೈಬ್ರಿಡ್-4 ಬಂದಿತು. 1972ರಲ್ಲಿ ಧಾರವಾಡದಲ್ಲಿ ಡಾ. ಕಟರ್ಕಿಯವರು ಲಕ್ಷ್ಮಿ ಎಂಬ ಅಮೆರಿಕನ್ ಹತ್ತಿಗೆ ಎಸ್‌ಬಿ 289-ಇ ಎಂಬ ಬಾರ್ಬಡೆನ್ಸ್ ಹತ್ತಿಯನ್ನು ಕೂಡಿಸಿ ವರಲಕ್ಷ್ಮಿಯನ್ನು ಕೊಟ್ಟರು. ಎರಡೂ ಸರ್ಕಾರಿ ಹಣದ ಕೆಲಸಗಳು. ಆದರೆ ಈ ಬೀಜವನ್ನು ಮರುವರ್ಷ ಬಿತ್ತಿದರೆ ಗಿಡಗಳು ಒಂದರಂತೆ ಒಂದು ಬರುವುದಿಲ್ಲ, ಆದ್ದರಿಂದ ಪ್ರತಿವರ್ಷ ಹೊಸ ಬೀಜವನ್ನೇ ಕೊಳ್ಳಬೇಕು. ಬೀಜ ಎಂಬುದು ವರ್ಷವೂ ಮಾರಾಟವಾಗುವ ಸರಕಾದದ್ದು ಅಂದಿನಿಂದ. ಅಚ್ಚರಿಯೆಂದರೆ ಆ ಬಾಗಿಲನ್ನು ತೆರೆದದ್ದು ಸರ್ಕಾರಿ ತಳಿ ವಿಜ್ಞಾನಿಗಳೇ ಹೊರತು ಕಂಪನಿಗಳಲ್ಲ.

ಈ ಬೀಜ ಹೇಗೆ ಆಗುತ್ತದೆ ಎಂಬುದು ಗೊತ್ತಿಲ್ಲದೆ ಅದರ ಬೆಲೆಯ ಬಗ್ಗೆ ಮಾತನಾಡುವುದು ಕಷ್ಟ. ಹೆಣ್ಣು ಸಾಲಿನಲ್ಲಿ ಮರುದಿನ ಅರಳಲಿರುವ ಮೊಗ್ಗನ್ನು ಮಧ್ಯಾಹ್ನದ ನಂತರ ಗುರುತಿಸಿ, ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡಕ್ಕೆ ಹಾಕಿ, ಒಳಗಿನ ಅಂಡಾಶಯಕ್ಕೆ ಗಾಯವಾಗದಂತೆ ಎಸಳು ಮತ್ತು ಪರಾಗದ ಕೊಳವೆಯನ್ನು ಒಂದೇ ಸಲಕ್ಕೆ ತಿರುಗಿಸಿ ತೆಗೆಯಬೇಕು. ನಂತರ ಕೆಂಪು ಕಾಗದದ ಚೀಲ ಹಾಕಬೇಕು. ಬೆಳಿಗ್ಗೆ ಹಸಿರಿನ ನಡುವೆ ಆ ಹೂವು ಕಣ್ಣಿಗೆ ಬೀಳಲಿ ಎಂದು ಕೆಂಪು. ಮರುದಿನ ಬಿಸಿಲೇರುವ ಮುನ್ನ ಗಂಡು ಹೂವನ್ನು ತಂದು, ಹೆಣ್ಣು ಹೂವಿನ ಶಲಾಕಾಗ್ರಕ್ಕೆ (ಪರಾಗ ಹಿಡಿಯುವ ತುದಿಗೆ) ಸವರಿ, ದಾರ ಕಟ್ಟಬೇಕು. ಒಂದು ಗಂಡು ಹೂವು ಸುಮಾರು ಐದು ಹೆಣ್ಣು ಹೂವುಗಳಿಗೆ ಸಾಕಾಗುತ್ತದೆ. ಹೂ ಬಿಡುವ ಎರಡು ತಿಂಗಳ ಕಾಲ ಇದು ಒಂದು ದಿನವೂ ತಪ್ಪುವಂತಿಲ್ಲ, ತಪ್ಪಿದ ಹೂವು ತನ್ನಷ್ಟಕ್ಕೆ ಕಾಯಿ ಕಟ್ಟಿಕೊಂಡು ಬೀಜದ ಶುದ್ಧತೆಯನ್ನು ಕೆಡಿಸುತ್ತದೆ. ಹೀಗೆ ಒಂದೊಂದು ಹೂವಿಗೂ ಒಂದೊಂದು ಕೈ ಬೇಕಾದ ಕೆಲಸ ಅಗ್ಗದ ಕೂಲಿ ಇರುವ ಕಡೆ ಮಾತ್ರ ನಡೆಯುತ್ತದೆ. ಆ ಕೂಲಿಯಲ್ಲಿ ಶಾಲೆ ಬಿಡಿಸಿ ಕರೆತಂದ ಹೆಣ್ಣುಮಕ್ಕಳ ಪಾಲು ದೊಡ್ಡದಿತ್ತೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಜಗತ್ತಿನ ಹೆಚ್ಚಿನ ಹತ್ತಿ ದೇಶಗಳು ಸ್ಥಿರ ತಳಿಗಳನ್ನೇ ಬೆಳೆಯುತ್ತವೆ, ನಾವು ಹೈಬ್ರಿಡ್‌ಗೆ ಅಂಟಿಕೊಂಡಿದ್ದೇವೆ. ಅದಕ್ಕೆ ಇಳುವರಿಯೊಂದೇ ಕಾರಣವಲ್ಲ.

ಜಿನ್ನಿನ ಲೆಕ್ಕ (ಗದಗ)

ಇಬ್ಬರ ಬರಹವೂ ಮಾಹಿತಿಪೂರ್ಣವಾಗಿದೆ. ಆದರೆ ಸೆಸ್‌ನ ಬಗ್ಗೆ ಇಷ್ಟು ಪ್ರೀತಿ ಬೇಡ. ಗಿರಣಿಯವರಿಂದ ವಸೂಲಾದ ಸೆಸ್ ಗಿರಣಿಯವರ ಜೇಬಿನಿಂದಲೇ ಹೋಯಿತೆಂದು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ. ಬೇಲ್‌ನ ಮೇಲೆ ಬೀಳುವ ಪ್ರತಿ ಪೈಸೆಯನ್ನು ಕೊನೆಗೆ ಹತ್ತಿಯ ದರದಲ್ಲಿಯೇ ಮುರಿದುಕೊಳ್ಳುತ್ತಾರೆ.

ತಳಿಶಾಸ್ತ್ರದ ವಿದ್ಯಾರ್ಥಿನಿ

ಕರಿಮಣ್ಣು ಅವರು ಬಿಟ್ಟಲ್ಲಿಂದ ಮುಂದುವರಿಸುತ್ತೇನೆ. ಬಜೆಟ್ಟಿನ ವ್ಯವಸ್ಥೆಯಲ್ಲಿ ಸಂಯೋಜಿತ ಯೋಜನೆಯ ಖರ್ಚಿನ ಮುಕ್ಕಾಲು ಪಾಲನ್ನು ಪರಿಷತ್ತೂ ಕಾಲು ಪಾಲನ್ನು ರಾಜ್ಯವೂ ಭರಿಸುತ್ತವೆ. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ರಾಜ್ಯದ ಕಾಲು ಪಾಲು ತಡವಾದರೆ ಹೊಲದ ಕೂಲಿಗೆ ಹಣವಿರುವುದಿಲ್ಲ, ನಿವೃತ್ತರಾದವರ ಹುದ್ದೆ ತುಂಬದಿದ್ದರೆ ಹತ್ತು ತಲೆಮಾರು ಕಾಪಾಡಿಕೊಂಡು ಬಂದ ಸಂತತಿಗಳು ಶೈತ್ಯಾಗಾರದಲ್ಲಿ ಉಳಿಯುತ್ತವೆ. ಒಂದು ತಳಿಗೆ ಎಂಟು-ಹತ್ತು ವರ್ಷ ಬೇಕು. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ.

ಖಾಸಗಿಯವರು ಬಂದದ್ದು ಒಂದೇ ದಿನದಲ್ಲಿ ಅಲ್ಲ. ಜಾಲನಾದಲ್ಲಿ ಬದ್ರಿನಾರಾಯಣ ಬಾರವಾಲೆಯವರು ಮಹೀಕೋವನ್ನು 1964ರಲ್ಲಿಯೇ ಆರಂಭಿಸಿದ್ದರು. 1966ರ ಬೀಜ ಕಾಯ್ದೆ, ವಿಶ್ವಬ್ಯಾಂಕ್ ನೆರವಿನ ರಾಷ್ಟ್ರೀಯ ಬೀಜ ಯೋಜನೆ, ವಿಶ್ವವಿದ್ಯಾಲಯಗಳಿಂದ ದೊರೆತ ಪೋಷಕ ತಳಿಗಳು, ಇವೆಲ್ಲವುಗಳ ಮೇಲೆ ಹಲವು ಕಂಪನಿಗಳು ಬೆಳೆದವು. 1988ರ ಹೊಸ ಬೀಜ ನೀತಿ ದೊಡ್ಡ ಹಾಗೂ ವಿದೇಶಿ ಬಂಡವಾಳಕ್ಕೆ ದಾರಿ ಮಾಡಿತು. 2002ರ ಮಾರ್ಚ್‌ನಲ್ಲಿ ಮೂರು ಬಿಟಿ ಹೈಬ್ರಿಡ್‌ಗಳಿಗೆ ಅನುಮತಿ ಸಿಕ್ಕಾಗ ಹಣದ ಹರಿವಿನ ನಕ್ಷೆಯೇ ಬದಲಾಯಿತು. 450 ಗ್ರಾಂ ಪ್ಯಾಕೆಟ್‌ಗೆ ಸುಮಾರು 1,600 ರೂಪಾಯಿ. ಅದರಲ್ಲಿ ದೊಡ್ಡ ಪಾಲು ಜೀನ್ ಒದಗಿಸಿದವರಿಗೆ ಸಲ್ಲುವ ಟ್ರೇಟ್ ಶುಲ್ಕ. ಇಡೀ ಗಿಡವನ್ನು ರೂಪಿಸಿದ ತಳಿ ವಿಜ್ಞಾನಿಗಿಂತ ಅದರೊಳಗೆ ಒಂದು ಜೀನ್ ಸೇರಿಸಿದವರಿಗೆ ಹೆಚ್ಚು ಹಣ! 2006ರಲ್ಲಿ ಆಂಧ್ರ ಸರ್ಕಾರ ಏಕಸ್ವಾಮ್ಯ ಆಯೋಗದ ಮೊರೆ ಹೋಗಿ ಬೆಲೆಯನ್ನು 750 ರೂಪಾಯಿಗೆ ಇಳಿಸಿತು. 2015ರ ಡಿಸೆಂಬರ್‌ನಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಆದೇಶ ಬಂದಿತು. 2016ರಲ್ಲಿ ಬಿಜಿ-2ರ ಟ್ರೇಟ್ ಶುಲ್ಕ 49 ರೂಪಾಯಿ, 2018ರಲ್ಲಿ 39, 2019ರಲ್ಲಿ 20, 2020ರಲ್ಲಿ ಸೊನ್ನೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೊನ್ನೆಯಾದದ್ದು ಕೇವಲ ಸರ್ಕಾರದ ಬಿಗಿಯಿಂದ ಎನ್ನುವುದು ಸರಿಯಲ್ಲ. ಬಿಜಿ-2ರ ಭಾರತೀಯ ಪೇಟೆಂಟ್ ಅವಧಿ 2019ರಲ್ಲಿ ಮುಗಿದಿತ್ತು; ಮೊದಲ ಬಿಟಿಗಂತೂ ಇಲ್ಲಿ ಪೇಟೆಂಟ್ ಇರಲೇ ಇಲ್ಲ. ಅಷ್ಟರಲ್ಲಿ ಗುಲಾಬಿ ಕಾಯಿಕೊರಕ ಎರಡೂ ಜೀನ್‌ಗಳನ್ನು ತಡೆದುಕೊಳ್ಳಲು ಕಲಿತಿತ್ತು. ಕೆಲಸ ಮಾಡದ ಗುಣಕ್ಕೆ ಶುಲ್ಕ ಕೊಡುವುದು ನ್ಯಾಯವೂ ಅಲ್ಲ. ಆದರೆ 2016ರಲ್ಲಿ ಕಳೆನಾಶಕ ಸಹಿಷ್ಣು ಹತ್ತಿಯ ಅರ್ಜಿಯನ್ನು ಕಂಪನಿ ಹಿಂತೆಗೆದುಕೊಂಡ ಮೇಲೆ ಖಾಸಗಿ ಕಡೆಯಿಂದ ಹೊಸ ಜೀನ್‌ನ ಹತ್ತಿಯೊಂದು ಇಲ್ಲಿಯ ಹೊಲಕ್ಕೆ ಅಧಿಕೃತವಾಗಿ ಬಂದಿಲ್ಲ. ಆ ಜಾಗವನ್ನು ಕಳ್ಳಬೀಜ ತುಂಬಿದೆ.

ಸರ್ಕಾರಿ ಬಿಟಿಯ ಪ್ರಯತ್ನವೂ ನಮ್ಮ ನೆಲಕ್ಕೆ ಸೇರಿದ್ದೇ. ನಾಗಪುರದ ಕೇಂದ್ರೀಯ ಹತ್ತಿ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ಬಿಕಾನೇರಿ ನರ್ಮಾ ಎಂಬ ಸ್ಥಿರ ತಳಿಗೆ ಬಿಟಿ ಜೀನ್ ಸೇರಿಸಿದವು. 2008ರಲ್ಲಿ ಅನುಮತಿ ದೊರೆತು, 2009ರಲ್ಲಿ ಬೀಜ ರೈತರ ಕೈಗೆ ಹೋಯಿತು. ರೈತ ಅದನ್ನು ಉಳಿಸಿಕೊಂಡು ಬಿತ್ತಬಹುದಾಗಿತ್ತು. ಅದೇ ವರ್ಷದ ಕೊನೆಗೆ, ಬೀಜದಲ್ಲಿ ಖಾಸಗಿ ಕಂಪನಿಯ ಜೀನ್ ರಚನೆ ಪತ್ತೆಯಾದ ಕಾರಣ ಉತ್ಪಾದನೆ ನಿಂತಿತು, ತನಿಖಾ ಸಮಿತಿಯೂ ಆಯಿತು. ಹಣವಿದ್ದರೂ ಸಂಘಟನೆ ಸಡಿಲವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ತಳಿ ಶುದ್ಧತೆಯನ್ನು ಕಾಯುವವರು, ಜೈವಿಕ ಸುರಕ್ಷತೆಯ ಕಡತ ನೋಡುವವರು, ಬೀಜ ಹೆಚ್ಚಿಸುವವರು ಒಂದೊಂದು ಇಲಾಖೆಯಲ್ಲಿದ್ದರೆ ನಡುವೆ ಬಿರುಕು ಬೀಳುತ್ತದೆ.

ಕರಿಮಣ್ಣು (ಧಾರವಾಡ)

ವಿದ್ಯಾರ್ಥಿನಿಯವರು ಪೇಟೆಂಟಿನ ವಿಷಯ ತಂದದ್ದು ಒಳ್ಳೆಯದಾಯಿತು. ಹಾಗಾದರೆ ಈಗಿನ ಸ್ಥಿತಿಯನ್ನು ಅಂಕಿಗಳಲ್ಲಿಯೇ ನೋಡೋಣ. ದೇಶದಲ್ಲಿ ವರ್ಷಕ್ಕೆ 4 ಕೋಟಿಗೂ ಹೆಚ್ಚು ಪ್ಯಾಕೆಟ್ ಹತ್ತಿ ಬೀಜ ಮಾರಾಟವಾಗುತ್ತದೆ. 49 ರೂಪಾಯಿಯ ಕಾಲದಲ್ಲಿ ಇದು ಸುಮಾರು 200 ಕೋಟಿಯ ಮಾತು. ಇಂದು ಆ ಸಾಲು ಖಾಲಿ. ಇನ್ನೊಂದು ಕಡೆ, ದೇಶದ ಹತ್ತಿ ಉತ್ಪಾದನೆ 170 ಕಿಲೋ ತೂಕದ ಸುಮಾರು 300 ಲಕ್ಷ ಬೇಲ್. ಹಿಂದಿನಂತೆ ಬೇಲ್‌ಗೆ 10 ರೂಪಾಯಿ ಸೆಸ್ ತೆಗೆದರೂ 30 ಕೋಟಿ. ಒಂದು ಬೇಲ್ ಅರಳೆಯ ಬೆಲೆ ಸುಮಾರು 25 ಸಾವಿರ ರೂಪಾಯಿ ಇರುವಾಗ 10 ರೂಪಾಯಿಯನ್ನು ಗದಗಿನ ಮಿತ್ರರು ರೈತನ ದರದಲ್ಲಿ ಮುರಿದುಕೊಂಡರೂ ಅದು ತೂಕದಲ್ಲಿ ಕಡಿತವಾಗಿ ಹೋಗುವುದಕ್ಕಿಂತ ಕಡಿಮೆಯೇ. (ತೂಕದ ವಿಷಯ ಬೇರೆ ಎಳೆಯಲ್ಲಿ ಚರ್ಚಿಸಬೇಕು, ಇಲ್ಲಿ ಬೇಡ.)

ಬೀಜದ ಮೇಲೆ ಶುಲ್ಕ ಹಾಕಿದರೆ ರೈತ ಬಿತ್ತುವ ಮೊದಲೇ, ಮಳೆ ಬರುವುದೋ ಇಲ್ಲವೋ ತಿಳಿಯುವ ಮೊದಲೇ, ಕೊಡಬೇಕಾಗುತ್ತದೆ. ಬೇಲ್‌ನ ಮೇಲೆ ಹಾಕಿದರೆ ಬೆಳೆ ಬಂದ ಮೇಲೆ ಮಾತ್ರ ಕೊಡುತ್ತಾನೆ. ಬೆಳೆ ಹೋದ ವರ್ಷ ತಳಿ ಅಭಿವೃದ್ಧಿಯ ನಿಧಿಯೂ ಅವನೊಂದಿಗೆ ಸೊರಗುತ್ತದೆ. ಅಪಾಯ ಹಂಚಿಕೆಯಾಗುವ ಬಗೆಯಲ್ಲಿ ಇದು ದೊಡ್ಡ ವ್ಯತ್ಯಾಸ.

ನರಾಬ್ರೈ ಕನ್ನಡಿಗ (ಆಸ್ಟ್ರೇಲಿಯಾ)

ನಾನಿರುವ ನ್ಯೂ ಸೌತ್ ವೇಲ್ಸ್‌ನ ಈ ಭಾಗ ಹತ್ತಿಯದೇ ಪ್ರದೇಶವಾದ್ದರಿಂದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಇಲ್ಲಿ ಪ್ರತಿ 227 ಕಿಲೋ ಬೇಲ್‌ಗೆ 2.25 ಡಾಲರ್ ಸಂಶೋಧನಾ ಲೆವಿ ಇದೆ, ಅದಕ್ಕೆ ಸರ್ಕಾರವೂ ಒಂದು ಮಿತಿಯವರೆಗೆ ಸಮ ಪಾಲು ಸೇರಿಸುತ್ತದೆ. ತಳಿಗಳು ಮಾತ್ರ ಬೇರೆ ದಾರಿಯಲ್ಲಿ ಬರುತ್ತವೆ. ಸರ್ಕಾರಿ ವಿಜ್ಞಾನ ಸಂಸ್ಥೆಯಾದ ಸಿಎಸ್‌ಐಆರ್‌ಒ 1980ರ ದಶಕದಿಂದ ಹತ್ತಿ ತಳಿಗಳನ್ನು ಬಿಡುಗಡೆ ಮಾಡುತ್ತಿದೆ. ಅವುಗಳ ಬೀಜವನ್ನು ಮಾರುವುದು ವೀ ವಾ ಊರಿನಲ್ಲಿ ನೆಲೆಸಿರುವ, ಬೆಳೆಗಾರರೇ ಸದಸ್ಯರಾಗಿರುವ, ಲಾಭ ಹಂಚದ ಒಂದು ಬೀಜ ಸಂಸ್ಥೆ. ಬೀಜದ ಹಣದಲ್ಲಿ ಒಂದು ಪಾಲು ಮತ್ತೆ ತಳಿ ಕೆಲಸಕ್ಕೆ ಹೋಗುತ್ತದೆ. 2007ರಲ್ಲಿ ಇಬ್ಬರೂ ಸೇರಿ ಜಂಟಿ ಉದ್ಯಮವನ್ನೂ ಮಾಡಿಕೊಂಡರು. ಬಿಟಿ ಗುಣಕ್ಕೆ ಬಹುರಾಷ್ಟ್ರೀಯ ಕಂಪನಿಗೆ ಪ್ರತ್ಯೇಕವಾಗಿ ಶುಲ್ಕ ಕೊಡುತ್ತಾರೆ, ಆದರೆ ಗಿಡ ಇಲ್ಲಿಯ ತಳಿಗಾರರದೇ. ಎಲ್ಲವೂ ಸ್ಥಿರ ತಳಿಗಳು, ಹೈಬ್ರಿಡ್ ಅಲ್ಲ.

ಗೋಧಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದ್ದಾರೆ. 1994ರ ತಳಿಗಾರರ ಹಕ್ಕು ಕಾಯ್ದೆಯ ನಂತರ ಅಲ್ಲಿ ರೈತ ಬೀಜ ಉಳಿಸಿಕೊಳ್ಳಬಹುದು. ಕಾಳು ಮಾರುವಾಗ ಯಾವ ತಳಿ ಎಂದು ಘೋಷಿಸಿ, ಟನ್‌ಗೆ ಇಂತಿಷ್ಟು ಎಂದು ತಳಿ ಶುಲ್ಕ ಕೊಡುತ್ತಾನೆ. ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದದ್ದು ಬ್ರಿಟನ್. ಕೇಂಬ್ರಿಜ್‌ನಲ್ಲಿ 1912ರಿಂದ ಇದ್ದ ಸರ್ಕಾರಿ ತಳಿ ಸಂಸ್ಥೆಯನ್ನು 1987ರಲ್ಲಿ 6.6 ಕೋಟಿ ಪೌಂಡ್‌ಗೆ ಯೂನಿಲಿವರ್‌ಗೆ ಮಾರಿದರು. 1998ರಲ್ಲಿ ಅದು ಮೊನ್ಸಾಂಟೊ ಕೈಗೆ ಹೋಯಿತು. ಒಮ್ಮೆ ಹೋದ ಸಂಸ್ಥೆ ಮರಳಿ ಬರುವುದಿಲ್ಲ.

ಜಿನ್ನಿನ ಲೆಕ್ಕ (ಗದಗ)

ಗೋಧಿಯ ಮಾದರಿ ನಮ್ಮಲ್ಲಿ ನಡೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಹತ್ತಿ ಬೆಳೆಗಾರರು ಸುಮಾರು ಒಂದೂವರೆ ಸಾವಿರ. ನಮ್ಮಲ್ಲಿ ಸುಮಾರು 60 ಲಕ್ಷ. ಒಂದು ಟ್ರ್ಯಾಕ್ಟರ್ ಹತ್ತಿಯಲ್ಲಿ ನಾಲ್ಕು ಕಂಪನಿಗಳ ಬೀಜದ ಹತ್ತಿ ಇರುತ್ತದೆ, ಜಿನ್ನಿನ ರಾಶಿಯಲ್ಲಿ ನಲವತ್ತರದ್ದು. ಯಾವ ತಳಿಯ ಬೇಲ್ ಎಂದು ಹೇಳಲು ದೇವರಿಗೂ ಸಾಧ್ಯವಿಲ್ಲ. ಆದ್ದರಿಂದ ತಳಿವಾರು ಶುಲ್ಕ ಅಸಾಧ್ಯ.

ಆದರೆ ಕರಿಮಣ್ಣು ಅವರು ಹೇಳುವ ಸಮಾನ ಸೆಸ್‌ಗೆ ತಳಿಯನ್ನು ತಿಳಿಯುವ ಅಗತ್ಯವಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಪ್ರತಿ ಬೇಲ್‌ನ ಮೇಲೆ ಈಗಲೂ ಪ್ರೆಸ್‌ನ ಗುರುತು ಮತ್ತು ಕ್ರಮಸಂಖ್ಯೆ ಇರುತ್ತದೆ. ವಸೂಲಿಯ ಯಂತ್ರ ಹೊಸದಾಗಿ ಕಟ್ಟಬೇಕಿಲ್ಲ. ನನ್ನ ತಕರಾರು ವಸೂಲಿಯ ಬಗ್ಗೆ ಅಲ್ಲ, ಹಂಚಿಕೆಯ ಬಗ್ಗೆ. ತಳಿಯ ಲೆಕ್ಕವಿಲ್ಲದೆ ಬಂದ ಹಣವನ್ನು ಯಾವ ತಳಿಗಾರನಿಗೆ ಕೊಡಬೇಕೆಂದು ಯಾರೋ ಕುಳಿತು ತೀರ್ಮಾನಿಸಬೇಕು. ಆ ಕುರ್ಚಿಗಳಿಗೆ ಯಾರು ಬರುತ್ತಾರೆ?

ಮಲಪ್ರಭಾ ಕಾಲುವೆ (ನವಲಗುಂದ)

ಇದೇ ಪ್ರಶ್ನೆಗೆ ಕಾಯುತ್ತಿದ್ದೆ. ಲೆವಿ ಎಂಬ ಮಾತನ್ನು ಈ ಭಾಗದಲ್ಲಿ ಹಗುರವಾಗಿ ಆಡಬೇಡಿ. ವರಲಕ್ಷ್ಮಿ ಬಂದಾಗ ಮಲಪ್ರಭೆಯ ನೀರು ಕೂಡ ಬಂದಿತ್ತು. ಉದ್ದ ಎಳೆಯ ಹತ್ತಿಗೆ ಒಳ್ಳೆಯ ದರ ಸಿಕ್ಕಿದ್ದರಿಂದ ನಮ್ಮ ಹಿರಿಯರು ಜೋಳ, ಕುಸುಬೆ, ಜವಾರಿ ಹತ್ತಿಯನ್ನು ಬಿಟ್ಟು ವರಲಕ್ಷ್ಮಿಯನ್ನು ಹಾಕಿದರು. ನಂತರ ದರ ಕುಸಿಯಿತು. ನೀರು ಕೊನೆಯ ಹೊಲಕ್ಕೆ ಬರದಿದ್ದರೂ ಬೆಟರ್‌ಮೆಂಟ್ ಲೆವಿಯ, ಅಂದರೆ ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಹಾಕುವ ತೆರಿಗೆಯ, ನೋಟಿಸ್ ಬಂದಿತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ನಡೆದದ್ದು ಈ ಹಿನ್ನೆಲೆಯಲ್ಲಿ. ತಳಿ ಎಷ್ಟು ಒಳ್ಳೆಯದಾಗಿದ್ದರೂ ಮಾರುಕಟ್ಟೆಯ ಆಧಾರವಿಲ್ಲದಿದ್ದರೆ ಅದೇ ಕುತ್ತಿಗೆಗೆ ಬರುತ್ತದೆ ಎಂದು ನಾವು ಕಲಿತಿದ್ದೇವೆ.

ಇನ್ನು 1921ರ ಸಮಿತಿ. ಅಲ್ಲಿ ಗಿರಣಿ, ವ್ಯಾಪಾರ, ಕೃಷಿ ಇಲಾಖೆ, ಬೆಳೆಗಾರರು ಎಲ್ಲ ಕಡೆಯವರೂ ಇದ್ದರು, ಸರಿ. ಆದರೆ ಅದರ ಗುರಿ ಏನಿತ್ತು? ಗಿರಣಿಗೆ ಬೇಕಾದ ಉದ್ದ ಎಳೆ. ಮಾಟುಂಗಾದ ಪ್ರಯೋಗಾಲಯ ಅಳೆದದ್ದು ಎಷ್ಟನೆಯ ನಂಬರಿನ ನೂಲು ಬರುತ್ತದೆ ಎಂಬುದನ್ನು. ಮಳೆ ಕೈಕೊಟ್ಟ ವರ್ಷದಲ್ಲಿ ಎಷ್ಟು ಹತ್ತಿ ಉಳಿಯುತ್ತದೆ ಎಂಬುದನ್ನು ಅಳೆಯಲು ಯಾರು ಹಣ ಕೊಟ್ಟರು? ಸ್ವಾತಂತ್ರ್ಯದ ಹೊತ್ತಿಗೆ ದೇಶದ ಹತ್ತಿಯ ಬಹುಪಾಲು ಜವಾರಿಯಾಗಿತ್ತು, ಇಂದು ಅದು ಮೂಲೆಗೆ ಸೇರಿದೆ. ಸೆಸ್, ಬಜೆಟ್, ಕಂಪನಿ, ಮೂರೂ ಕಾಲದಲ್ಲಿ ಅದು ಒಂದೇ ದಿಕ್ಕಿಗೆ ಹೋಯಿತೆಂದರೆ ಹಣದ ದಾರಿಗಿಂತ ಕೊಳ್ಳುವವನ ಬೇಡಿಕೆಯೇ ಬಲವಾದದ್ದು ಎಂದಾಗಲಿಲ್ಲವೇ?

ತಳಿಶಾಸ್ತ್ರದ ವಿದ್ಯಾರ್ಥಿನಿ

ನವಲಗುಂದದವರ ಪ್ರಶ್ನೆ ಈ ಚರ್ಚೆಯಲ್ಲಿ ಬಂದ ಅತ್ಯಂತ ಗಟ್ಟಿ ಆಕ್ಷೇಪ. ಅರ್ಧ ಒಪ್ಪುತ್ತೇನೆ. ಎಳೆಯ ಉದ್ದದ ದಿಕ್ಕು ಮೂರೂ ಕಾಲದಲ್ಲಿ ಒಂದೇ ಆಗಿತ್ತು. ಆದರೆ ಬೀಜದ ಸ್ವರೂಪ ಒಂದೇ ಆಗಿರಲಿಲ್ಲ. ಲಕ್ಷ್ಮಿಯೂ ಉದ್ದ ಎಳೆಯತ್ತ ಇಟ್ಟ ಹೆಜ್ಜೆಯೇ, ಆದರೆ ಅದು ಉಳಿಸಿಕೊಳ್ಳಬಹುದಾದ ತಳಿ. ಸೊರಗು ರೋಗದ ಕೆಲಸ ಗಿರಣಿಗೆ ನೇರವಾಗಿ ಬೇಕಾದದ್ದಲ್ಲ. ಬೆಳೆಯೇ ಇಲ್ಲದಿದ್ದರೆ ಗಿರಣಿಯೂ ಇಲ್ಲ ಎಂಬ ತಿಳಿವಳಿಕೆ ಆ ಸಮಿತಿಗೆ ಇತ್ತು. ಬೀಜದ ಮಾರಾಟವನ್ನೇ ನಂಬಿದವರಿಗೆ ಮುಂದಿನ ವರ್ಷದ ಮಾರಾಟ ಮುಖ್ಯ. ಹೀಗಾಗಿ ಬಿಟಿ ಜೀನ್ ಹೈಬ್ರಿಡ್‌ಗಳಲ್ಲಿಯೇ ಉಳಿಯಿತು. ಅವಧಿ ದೀರ್ಘವಾದ ಹೈಬ್ರಿಡ್ ಗಿಡಗಳು ಚಳಿಗಾಲದವರೆಗೂ ಹೊಲದಲ್ಲಿ ನಿಂತು ಗುಲಾಬಿ ಕಾಯಿಕೊರಕಕ್ಕೆ ತಿಂಗಳುಗಟ್ಟಲೆ ಊಟ ಹಾಕಿದವು. ಕಡಿಮೆ ಅವಧಿಯ, ಒತ್ತಾಗಿ ಬಿತ್ತಬಹುದಾದ ಗಿಡ್ಡ ಸ್ಥಿರ ತಳಿಗಳು ಬೇಕೆಂದು ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಒತ್ತಾಗಿ ಬಿತ್ತಲು ಎಕರೆಗೆ ಹೆಚ್ಚು ಬೀಜ ಬೇಕು, ಆದ್ದರಿಂದ ಬೀಜ ಅಗ್ಗವಾಗಿರಬೇಕು. ಅಗ್ಗದ ಬೀಜದಲ್ಲಿ ಮಾರುವವನಿಗೆ ಲಾಭವಿಲ್ಲ. ಈ ಗಂಟನ್ನು ಬೀಜದ ಬೆಲೆಯೊಳಗೆ ಬಿಚ್ಚಲು ಬರುವುದಿಲ್ಲ, ಬೇರೆ ಕಡೆಯಿಂದ ಹಣ ಬರಲೇಬೇಕು.

ಕುರ್ಚಿಯ ಪ್ರಶ್ನೆಗೆ: 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ರೈತನಿಗೆ ಬೀಜ ಉಳಿಸುವ, ಹಂಚಿಕೊಳ್ಳುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕಿದೆ, ರಾಷ್ಟ್ರೀಯ ಜೀನ್ ನಿಧಿಯೂ ಇದೆ. ಆದರೆ ಯಾವ ತಳಿ ಬೇಕೆಂದು ಹೇಳುವ ಹಕ್ಕು ರೈತನಿಗೆ ಇಲ್ಲ. ಸೆಸ್ ಬಂದರೆ ಅದರ ಒಂದು ಪಾಲನ್ನು ಮಳೆಯಾಶ್ರಿತ ತಳಿಗೆಂದು ಕಾಯ್ದೆಯಲ್ಲಿಯೇ ಕಟ್ಟಿಹಾಕಬೇಕು, ಸಮಿತಿಯ ವಿವೇಚನೆಗೆ ಬಿಡಬಾರದು.

ಮಲಪ್ರಭಾ ಕಾಲುವೆ (ನವಲಗುಂದ)

ಕಾಯ್ದೆಯಲ್ಲಿ ಬರೆದರೆ ಮಾತನಾಡೋಣ. ಜೊತೆಗೆ, ಹಣ ಎಲ್ಲಿ ಹೋಯಿತೆಂಬ ಲೆಕ್ಕವನ್ನು ಕನ್ನಡದಲ್ಲಿ ಎಪಿಎಂಸಿ ಆವರಣದ ಫಲಕದ ಮೇಲೆ ಹಾಕಬೇಕು.

ಬೀಜದ ಪ್ಲಾಟ್ (ರಾಣೆಬೆನ್ನೂರು)

ಎಲ್ಲರೂ ಸ್ಥಿರ ತಳಿಯತ್ತ ವಾಲುತ್ತಿರುವುದರಿಂದ ನಮ್ಮ ಭಾಗದ ಮಾತನ್ನೂ ದಾಖಲಿಸುತ್ತೇನೆ. ಕ್ರಾಸಿಂಗ್ ಕೆಲಸದ ಕಷ್ಟಗಳನ್ನು ಮೇಲೆ ನಾನೇ ಬರೆದಿದ್ದೇನೆ, ಆದರೂ ಎರಡು ಎಕರೆಯ ಕುಟುಂಬಕ್ಕೆ ಅದರಿಂದ ಬರುವಷ್ಟು ಹಣ ಬೇರೆ ಬೆಳೆಯಿಂದ ಬರುವುದಿಲ್ಲ. ಕಂಪನಿಯ ಆರ್ಗನೈಸರ್ ಬಿತ್ತನೆಗೆ ಮೊದಲೇ ಮುಂಗಡ ಕೊಡುತ್ತಾನೆ. ಶುದ್ಧತೆಯ ಪರೀಕ್ಷೆಯಲ್ಲಿ ಬೀಜ ಫೇಲಾದರೆ ಪೂರ್ತಿ ನಷ್ಟ ನಮ್ಮದೇ, ಅದೂ ನಿಜ. ಹತ್ತಿ ಸ್ಥಿರ ತಳಿಗೆ ಮರಳಿದರೆ ಬೀಜೋತ್ಪಾದನೆಗೆ ಕೈಕೂಲಿ ಬೇಕಾಗುವುದಿಲ್ಲ, ಅಂತರ ಬಿಟ್ಟು ಬಿತ್ತಿ ಬೆರಕೆ ಗಿಡ ಕಿತ್ತರೆ ಸಾಕು. ಆಗ ಆ ಕೆಲಸ ದೊಡ್ಡ ಹಿಡುವಳಿದಾರರ ಪಾಲಾಗುತ್ತದೆ. ಸೆಸ್‌ನ ಹಣದಲ್ಲಿ ಬೀಜೋತ್ಪಾದನೆಯ ಗುತ್ತಿಗೆಯೂ ಸೇರಿದೆಯೇ, ಸೇರಿದ್ದರೆ ಸಣ್ಣ ಹಿಡುವಳಿಗೆ ಮೀಸಲು ಇರುತ್ತದೆಯೇ, ಸ್ಥಿರ ತಳಿಯ ಬೀಜಕ್ಕೆ ಕ್ವಿಂಟಲ್‌ಗೆ ಯಾವ ಆಧಾರದ ಮೇಲೆ ದರ ಕಟ್ಟುತ್ತಾರೆ? ಕರಿಮಣ್ಣು ಅವರಾಗಲಿ ವಿದ್ಯಾರ್ಥಿನಿಯವರಾಗಲಿ ಇದಕ್ಕೆ ಉತ್ತರ ಬರೆದ ಮೇಲೆ ನಾನು ಪರವೋ ವಿರೋಧವೋ ಎಂದು ಹೇಳುತ್ತೇನೆ.